ಮಳೆಗಾಲದ ಜಗಲಿ ನಡಿಗೆ, ಅವರವರ ಮೈಗೆ ಒಗ್ಗುವ ಊಟ

ಆರಿದ್ರ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ವಾಕಿಂಗ್ ಹೋಗುವವರ ಚಪ್ಪಲಿ ಮೂಲೆ ಸೇರುತ್ತದೆ. ಅಂಗಳದಲ್ಲಿ ಪಾಚಿ, ಗದ್ದೆ ಬದುವಿನಲ್ಲಿ ಉಂಬಳ, ಬಿಡದೆ ಸುರಿಯುವ ಮಳೆ. ಸಕ್ಕರೆ ಕಾಯಿಲೆಯವರಿಗೆ, ಮಂಡಿ ನೋವಿನವರಿಗೆ ಕಷ್ಟ ಶುರುವಾಗುವುದೇ ಆಗ. ಮೂರು ತಿಂಗಳು ಒಲೆಯ ಹತ್ತಿರ ಕೂತು ಹಪ್ಪಳ, ಸುಟ್ಟ ಹಲಸಿನ ಬೀಜ ತಿಂದು ನವರಾತ್ರಿ ಹೊತ್ತಿಗೆ ಕಾಲು ಸೋತಿರುತ್ತದೆ, ಸಕ್ಕರೆ ಏರಿರುತ್ತದೆ. ಇದನ್ನು ತಪ್ಪಿಸಲು ಮನೆಯ ಜಗಲಿ ಸಾಕು.

ಇಪ್ಪತ್ತು ಅಡಿ ಉದ್ದದ ಜಗಲಿಯಲ್ಲಿ ಹೋಗಿ ಬರುವ ಒಂದು ಸುತ್ತಿಗೆ ಸುಮಾರು 12 ಮೀಟರ್ ಆಗುತ್ತದೆ. ಆತುರವಿಲ್ಲದೆ ನಡೆದರೆ ಹತ್ತು ನಿಮಿಷಕ್ಕೆ ನಲವತ್ತು ಸುತ್ತು. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಮೂರೂ ಆದ ಕಾಲು ಗಂಟೆಗೆ ಹೀಗೆ ಹತ್ತತ್ತು ನಿಮಿಷ ನಡೆಯಿರಿ. ದಿನಕ್ಕೆ ಅರ್ಧ ಗಂಟೆ. ವಾರಕ್ಕೆ ಐದು ದಿನವಾದರೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ತುಂಬುತ್ತದೆ. ಬೆಳಗ್ಗೆ ಒಮ್ಮೆಗೇ ಅರ್ಧ ಗಂಟೆ ನಡೆದು ಉಳಿದ ದಿನವೆಲ್ಲ ಕೂತಿರುವುದಕ್ಕಿಂತ ಸಕ್ಕರೆ ಇರುವವರಿಗೆ ಈ ಹಂಚಿದ ನಡಿಗೆಯೇ ಒಳ್ಳೆಯದು. ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಏರುವುದು ಊಟದ ನಂತರದ ಒಂದೆರಡು ಗಂಟೆಯಲ್ಲಿ. ಆ ಹೊತ್ತಿಗೆ ತೊಡೆ, ಮೀನಖಂಡದ ಸ್ನಾಯು ಕೆಲಸ ಮಾಡುತ್ತಿದ್ದರೆ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಉಂಡ ಕೂಡಲೇ ಅಡ್ಡಾಗುವ ಅಭ್ಯಾಸ ಕೆಡಿಸುವುದು ಇದನ್ನೇ.

ವೇಗ ಎಷ್ಟಿರಬೇಕು? ಪಕ್ಕದಲ್ಲಿದ್ದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ಅಳತೆ. ಗಿಡ್ಡ ಜಗಲಿಯಲ್ಲಿ ತಿರುಗುವಾಗಲೇ ಹೆಚ್ಚು ಜನ ಮುಗ್ಗರಿಸುವುದು. ಪಾದ ನೆಲಕ್ಕೆ ಊರಿಕೊಂಡು ಮಂಡಿಯನ್ನು ತಿರುಚಬೇಡಿ. ನಾಲ್ಕು ಸಣ್ಣ ಹೆಜ್ಜೆಯಲ್ಲಿ ತಿರುಗಿ. ಒಂದು ಸುತ್ತು ಎಡಕ್ಕೆ, ಇನ್ನೊಂದು ಬಲಕ್ಕೆ. ಸಾರಿಸಿದ ನೆಲ ಒಣಗುವ ಮೊದಲು ಕಾಲಿಡಬೇಡಿ. ಹಂಡೆಯ ಬಿಸಿನೀರಿನ ಸ್ನಾನ ಆದ ತಕ್ಷಣವೂ ಬೇಡ. ಬಿಸಿನೀರಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿದಿರುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ತಲೆ ಸುತ್ತಿ ಬೀಳುವುದುಂಟು. ಅರ್ಧ ಗಂಟೆ ಬಿಟ್ಟು ಶುರುಮಾಡಿ.

ನಡಿಗೆಯೊಂದೇ ಸಾಲದು. ವಯಸ್ಸಾದವರ ಮೈಯಲ್ಲಿ ಮೊದಲು ಸೋಲುವುದು ತೊಡೆ. ಅದಕ್ಕೆ ಕುರ್ಚಿಯಿಂದ ಎದ್ದು ಕೂರುವುದಕ್ಕಿಂತ ಒಳ್ಳೆಯ ವ್ಯಾಯಾಮ ಬೇರೆ ಬೇಕಿಲ್ಲ. ಮರದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ನಯವಾದ ಕೆಂಪು ನೆಲದ ಮೇಲೆ ಜಾರುತ್ತದೆ, ಅದು ಬೇಡವೇ ಬೇಡ. ಕುರ್ಚಿಯ ಅಂಚಿಗೆ ಸರಿದು ಕೂತು, ಪಾದ ಭುಜದಷ್ಟು ಅಗಲ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಮೂಗು ಕಾಲಿನ ಬೆರಳಿನಾಚೆ ಬರುವಷ್ಟು ಮುಂದೆ ಬಾಗಿ ಎರಡು ಎಣಿಸುತ್ತಾ ಏಳಿ, ನಾಲ್ಕು ಎಣಿಸುತ್ತಾ ಕೂರಿ. ಐದು ಸಲ ಬೆಳಗ್ಗೆ, ಐದು ಸಲ ಸಂಜೆ. ವಾರಕ್ಕೊಂದರಂತೆ ಹೆಚ್ಚಿಸಿ ಹತ್ತಕ್ಕೆ ನಿಲ್ಲಿಸಿ. ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಸ್ನಾಯು ಗಟ್ಟಿಯಾಗುವುದು ನಿಧಾನಕ್ಕೆ ಇಳಿಯುವಾಗ. ಉಸಿರು ಬಿಗಿ ಹಿಡಿದರೆ ಬಿಪಿ ಏರುತ್ತದೆ, ಆದ್ದರಿಂದ ಏಳುವಾಗ ಬಾಯಿಬಿಟ್ಟು ಎಣಿಸಿ. ಮಂಡಿ ಒಂದಕ್ಕೊಂದು ಒಳಗೆ ಬಾಗುತ್ತಿದ್ದರೆ ಅಥವಾ ಏಳಲು ನೋವಾದರೆ ಕಂಬಳಿ ಮಡಚಿ ಹಾಕಿ ಕುರ್ಚಿ ಎತ್ತರಿಸಿ. ಆಮೇಲೆ ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ, ಕಂಬಕ್ಕೆ ಬೆರಳು ತಾಗಿಸಿಕೊಂಡು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು. ಇದಿಷ್ಟು ಮಾಡುವವರು ಬಚ್ಚಲಲ್ಲಿ ಬೀಳುವುದು ಕಡಿಮೆ.

ನಡೆಯುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುದಿಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಒಂಟಿ ಮನೆಗಳ ಊರಿನಲ್ಲಿ ಗಾಡಿ ಬರಲು ಹಿಡಿಯುವ ಹೊತ್ತನ್ನೂ ಲೆಕ್ಕ ಹಾಕಬೇಕು.

ಇನ್ನು ಊಟ. ಪಕ್ಕದ ಮನೆಯವರಿಗೆ ರಾತ್ರಿ ಅನ್ನ ಬಿಟ್ಟು ಒಳ್ಳೆಯದಾಯಿತು ಎಂದು ಎಲ್ಲರೂ ಅನ್ನ ಬಿಡುವುದು ಸರಿಯಲ್ಲ. ಒಂದೇ ಪಾತ್ರೆಯಲ್ಲಿ ಬೆಂದ ಅಕ್ಕಿ ಕಡುಬು ತಿಂದ ಗಂಡ ಹೆಂಡತಿಗೆ ಸಕ್ಕರೆ ಒಂದೇ ಸಮ ಏರುವುದಿಲ್ಲ. ನಿಮ್ಮ ಮೈ ಏನು ಹೇಳುತ್ತದೆ ಎಂದು ನೀವೇ ಅಳೆದು ನೋಡಬೇಕು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಹೀಗೆ ಮಾಡಿ. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಮ್ಮೆ ನೋಡಿ ಬರೆದಿಡಿ. ಮೂರು ದಿನ ಅದೇ ತಿಂಡಿ, ಅಷ್ಟೇ ಪ್ರಮಾಣ. ಮೂರು ಕಡುಬು ಅಂದರೆ ಮೂರೇ. ಮುಂದಿನ ಮೂರು ದಿನ ಒಂದೇ ಒಂದು ವಿಷಯ ಬದಲಿಸಿ: ಒಂದು ಕಡುಬು ಕಳೆದು ಆ ಜಾಗಕ್ಕೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ. ಅದರ ಮುಂದಿನ ಮೂರು ದಿನ ತಿನ್ನುವ ಕ್ರಮ ಬದಲಿಸಿ: ಮೊದಲು ಪಲ್ಯ, ಕಾಳು, ಕೊನೆಗೆ ಕಡುಬು. ಕ್ರಮ ಬದಲಿಸಿದ್ದಕ್ಕೇ ಅನೇಕರಿಗೆ ಅಂಕಿ ಇಳಿಯುತ್ತದೆ. ಕುಚಲಕ್ಕಿ ಗಂಜಿ ಒಗ್ಗುತ್ತದೋ, ಅಕ್ಕಿ ರೊಟ್ಟಿ ಒಗ್ಗುತ್ತದೋ ಇದೇ ರೀತಿ ನೋಡಿಕೊಳ್ಳಿ. ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂಬುದೇ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಹೆಚ್ಚಿನವರಿಗೆ ಎರಡು ಗಂಟೆಯ ಅಂಕಿ 180ರ ಒಳಗಿರಲಿ ಎನ್ನುತ್ತಾರೆ; ತುಂಬ ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲ ಕೊಡುವುದುಂಟು.

ಅಳೆಯುವಾಗ ಆಗುವ ತಪ್ಪು ಎರಡು. ಹಲಸಿನ ಹಣ್ಣು, ಮಾವಿನ ಹಣ್ಣು ಬಿಡಿಸಿದ ಕೈಯಲ್ಲಿ ಚುಚ್ಚಿದರೆ ಬೆರಳಿಗೆ ಅಂಟಿದ ಸಕ್ಕರೆಯೇ ಅಂಕಿಯನ್ನು ಏರಿಸಿಬಿಡುತ್ತದೆ. ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ ಚುಚ್ಚಿ. ಎರಡನೆಯದು ನಮ್ಮ ಥಂಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ಪಸೆಗೆ ಸ್ಟ್ರಿಪ್ ಕೆಡುತ್ತದೆ, ಅಂಕಿ ತಪ್ಪುತ್ತದೆ. ಒಂದು ತೆಗೆದ ತಕ್ಷಣ ಮುಚ್ಚಿ. ಒಲೆಯ ಮೇಲಿನ ಗೂಡಿನಲ್ಲೂ ಇಡಬೇಡಿ, ಫ್ರಿಜ್ಜಿನಲ್ಲೂ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳಿಗೂ ಇದೇ ಮಾತು. ಊಟ ಇಳಿದು ಮದ್ದು ಹಾಗೇ ಉಳಿದರೆ ಸಕ್ಕರೆ ಕುಸಿಯುತ್ತದೆ: ಬೆವರು, ಕೈ ನಡುಕ, ತೊದಲು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಬಿಪಿ ಇರುವವರ ಶತ್ರು ಅನ್ನವಲ್ಲ, ಅನ್ನದ ಪಕ್ಕದ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿ ವರ್ಷಗಟ್ಟಲೆ ಕೆಡದೆ ಇರುವುದೇ ಉಪ್ಪಿನ ಬಲದಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿರುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ. ಬೆಳಗ್ಗೆಯೇ ತಲೆಗೊಂದರಂತೆ ಉಪ್ಪನ್ನು ಒಂದು ಸಣ್ಣ ಭರಣಿಗೆ ಅಳೆದಿಟ್ಟು ದಿನವಿಡೀ ಅದರಿಂದಲೇ ಅಡುಗೆ ಮಾಡಿ. ಉಪ್ಪಿನಕಾಯಿ ಬೇಕೇ ಬೇಕು ಅನ್ನುವ ದಿನ ಭರಣಿಗೆ ಅರ್ಧವೇ ಹಾಕಿ. ಮೊದಲ ವಾರ ಸಪ್ಪೆ ಅನಿಸುತ್ತದೆ. ಸಾರಿಗೆ ಮುರುಗಲು ಅಥವಾ ನಿಂಬೆ ಹುಳಿ, ಮೇಲೊಂದು ಜೀರಿಗೆ ಮೆಣಸಿನ ಒಗ್ಗರಣೆ ಕೊಟ್ಟರೆ ನಾಲಗೆ ಬೇಗ ಒಗ್ಗಿಕೊಳ್ಳುತ್ತದೆ.

ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ಆಗದಿರುವುದು ಸೊಪ್ಪು ತರಕಾರಿಯಲ್ಲೂ ಉಂಟು. ಕೆಸುವಿನ ಪತ್ರೊಡೆ ಎಷ್ಟು ರುಚಿಯಾದರೂ ಕಿಡ್ನಿಯಲ್ಲಿ ಕಲ್ಲಾದವರಿಗೆ ಬೇಡ, ಅದರಲ್ಲಿ ಆಕ್ಸಲೇಟ್ ಹೆಚ್ಚು. ಕಿಡ್ನಿ ಸೋತವರು ಎಳನೀರು, ಬಾಳೆದಿಂಡಿನ ರಸವನ್ನು ಒಳ್ಳೆಯದೆಂದು ಕುಡಿಯಬಾರದು. ಅವುಗಳಲ್ಲಿನ ಪೊಟ್ಯಾಶಿಯಂ ಹೊರಹೋಗದೆ ಹೃದಯಕ್ಕೆ ತೊಂದರೆ. ಹಲಸಿನ ಬೀಜವನ್ನು ಪಲ್ಯದ ಲೆಕ್ಕಕ್ಕೆ ಹಾಕದೆ ಅನ್ನದ ಲೆಕ್ಕಕ್ಕೆ ಹಾಕಿ. ಕಳಲೆಯನ್ನು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ನೀರು ಬಸಿದೇ ತಿನ್ನಬೇಕು, ಹಸಿಯದರಲ್ಲಿ ವಿಷದ ಅಂಶವಿದೆ. ತಂಬುಳಿಗೆ ಒಂದೆಲಗ ಕಿತ್ತರೆ ಮೂರು ನೀರಲ್ಲಿ ತೊಳೆದು, ಅರ್ಧ ಚಮಚ ತುಪ್ಪದಲ್ಲಿ ಪೂರ್ತಿ ಬಾಡಿಸಿಯೇ ರುಬ್ಬಿ. ಥೈರಾಯ್ಡ್ ಮಾತ್ರೆ ನುಂಗಿ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ತಡೆಯಿರಿ.

ತೂಕ ಇಳಿಸುವುದೇ ಎಲ್ಲರಿಗೂ ಮದ್ದು ಎಂದುಕೊಳ್ಳಬೇಡಿ. ಅರವತ್ತು ಕೆಜಿ ಇದ್ದ ಹಿರಿಯರು ಆರು ತಿಂಗಳಲ್ಲಿ ತಾವಾಗಿ ಮೂರು ಕೆಜಿ ಇಳಿದರೆ ಅದು ಸಂತೋಷಪಡುವ ವಿಷಯವಲ್ಲ, ವೈದ್ಯರಲ್ಲಿ ತೋರಿಸುವ ವಿಷಯ. ಹಲ್ಲಿಲ್ಲದೆ ಬರೀ ಗಂಜಿ ಉಣ್ಣುವವರಿಗೆ ಅನ್ನಕ್ಕೆ ಸಮಸಮ ಬೆಂದ ತೊಗರಿಬೇಳೆ ಹಿಸುಕಿ ಕೊಡಿ, ಹುರುಳಿ ಬೇಯಿಸಿ ರುಬ್ಬಿದ ಸಾರು ಕೊಡಿ. ತಿನ್ನುವ ಮನೆಯಾದರೆ ದಿನಕ್ಕೊಂದು ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಬಂಗುಡೆ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಈ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಮಳೆ ಹಿಂದಾದ ಮೇಲೆ ಹೊರಗೆ ನಡೆಯಿರಿ, ಆದರೆ ಡಿಸೆಂಬರಿನಿಂದ ಮೇ ತನಕ ಕಾಡಿನ ದಾರಿ ಬೇಡ, ತೋಟದ ದಾರಿ ಅಥವಾ ಊರ ರಸ್ತೆ ಹಿಡಿಯಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನಕಾಯಿಲೆ ಉಣುಗಿನಿಂದ ಹರಡುವುದು ಈ ಒಣ ತಿಂಗಳುಗಳಲ್ಲೇ. ದರಲೆ (ಉದುರಿದ ಒಣ ಎಲೆ) ತರಲು ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಮಿಂದು ಬಟ್ಟೆಯನ್ನೂ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಅಷ್ಟರಲ್ಲಿ ಅಡಿಕೆ ಸುಲಿಯುವ ಕಾಲವೂ ಬಂದಿರುತ್ತದೆ. ಮೆಟ್ಟುಗತ್ತಿಯ ಮುಂದೆ ನಡುರಾತ್ರಿ ತನಕ ಕೂರುವವರ ಸೊಂಟ, ಮಂಡಿ ಎರಡೂ ಹಿಡಿಯುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು, ಸುಲಿದ ಅಡಿಕೆಯನ್ನು ಬೇಯಿಸುವ ಹಂಡೆಯ ತನಕ ನೀವೇ ಒಯ್ದು ಸುರಿದು ಬನ್ನಿ. ತುಂಬಿದ ಬುಟ್ಟಿ ಬೇಡ, ಅರ್ಧ ಬುಟ್ಟಿ ಸಾಕು. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ಬುಟ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಏಳಿ.