ಸ್ಪ್ಯಾನಿಷ್‌ನಲ್ಲಿ ‘ತಡವಾಯ್ತು’, ‘ಬಂದೆ’, ‘ಎಂಟಕ್ಕೆ ಸರಿಯಾಗಿ’: ಕನ್ನಡದಿಂದ ನೇರವಾಗಿ ಕಲಿಯಿರಿ

ಸ್ಪ್ಯಾನಿಷ್ ಕಲಿಯುವ ನಮ್ಮವರು ಮಾಡುವ ಮೊದಲ ತಪ್ಪು, ಕನ್ನಡದ ಮಾತನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಅಲ್ಲಿಂದ ಸ್ಪ್ಯಾನಿಷಿಗೆ ಹೋಗುವುದು. ಹೊತ್ತಿನ ವಿಷಯದಲ್ಲಂತೂ ಈ ಸುತ್ತುದಾರಿ ಬೇಡವೇ ಬೇಡ. ‘ನಾನು ಲೇಟು’ ಎನ್ನುವುದನ್ನು ಇಂಗ್ಲಿಷಿನ ಅಚ್ಚಿನಲ್ಲಿ ಹಾಕಿ ‘ಸೋಯ್ ತಾರ್ದೆ’ ಎಂದರೆ ಕೇಳಿದವರಿಗೆ ತಲೆಬುಡ ತಿಳಿಯುವುದಿಲ್ಲ. ‘ಎಸ್ ತಾರ್ದೆ’ ಎಂಬ ಮಾತು ಇದೆ, ಆದರೆ ಅದರ ಅರ್ಥ ‘ಹೊತ್ತಾಗಿದೆ’ ಎಂದು. ಯಾರು ತಡ ಮಾಡಿದರು ಎಂಬುದು ಅದರಲ್ಲಿಲ್ಲ.

ಕನ್ನಡದಿಂದಲೇ ಹೊರಡಿ. ‘ನನಗೆ ತಡವಾಯ್ತು’ ಎಂಬುದು ಸ್ಪ್ಯಾನಿಷಿನಲ್ಲಿ ‘ಸೆ ಮೆ ಈಸೊ ತಾರ್ದೆ’. ಬಿಡಿಸಿ ನೋಡಿ: ‘ಮೆ’ ಅಂದರೆ ನನಗೆ, ‘ಸೆ ಈಸೊ’ ಅಂದರೆ ಆಯ್ತು, ‘ತಾರ್ದೆ’ ಅಂದರೆ ತಡ. ತಾರ್ದೆ–ತಡ ಎಂಬ ಪ್ರಾಸ ಬರೀ ಕಾಕತಾಳೀಯ, ಆದರೆ ನೆನಪಿಡಲು ಒದಗುತ್ತದೆ. ‘ತಡವಾಗ್ತಾ ಇದೆ, ಹೊರಡ್ತೀನಿ’ ಎನ್ನಲು ‘ಸೆ ಮೆ ಆಸೆ ತಾರ್ದೆ’. ಇಂಗ್ಲಿಷರು ತಿಂಗಳುಗಟ್ಟಲೆ ಒದ್ದಾಡುವ ಈ ‘ನನಗೆ’ ರೂಪ ನಮಗೆ ಹುಟ್ಟಿನಿಂದ ಬಂದದ್ದು. ‘ನನಗೆ’ ಬದಲು ‘ನಮಗೆ’ ಬೇಕಾದರೆ ‘ಮೆ’ ತೆಗೆದು ‘ನೋಸ್’ ಹಾಕಿ: ‘ಸೆ ನೋಸ್ ಈಸೊ ತಾರ್ದೆ’.

ತಲುಪುವ ಮಾತು ಬಂದಾಗ ‘ಯೆಗಾರ್’ ಕ್ರಿಯಾಪದ. ‘ಯೇಗೊ ತಾರ್ದೆ’ ಅಂದರೆ ತಡವಾಗಿ ಬರ್ತಿದ್ದೀನಿ, ‘ಯೇಗೊ ಆ ತ್ಯೆಂಪೊ’ ಅಂದರೆ ಸಮಯಕ್ಕೆ ಮುಟ್ತೀನಿ, ‘ಯೇಗೊ ಎನ್ ದ್ಯೆಸ್ ಮಿನೂತೊಸ್’ ಅಂದರೆ ಹತ್ತು ನಿಮಿಷದಲ್ಲಿ ಅಲ್ಲಿರ್ತೀನಿ. ಬೇಗ ಬರುವುದಕ್ಕೆ ‘ತೆಂಪ್ರಾನೊ’. ಯಾವಾಗಲೂ ಹೊತ್ತಿಗೆ ಸರಿಯಾಗಿ ಬರುವವರು ‘ಪುಂತ್ವಾಲ್’.

ಉಚ್ಚಾರಣೆಯಲ್ಲಿ ಒಂದು ಲಾಭ ಬಿಡಬೇಡಿ. ಸ್ಪ್ಯಾನಿಷಿನ ತ, ದ ನಮ್ಮ ‘ತಟ್ಟೆ’, ‘ದನ’ದ ತ, ದಗಳೇ, ನಾಲಿಗೆ ಹಲ್ಲಿಗೆ ತಾಗಬೇಕು. ‘ಟಾರ್ಡೆ’ ಎಂದರೆ ಅದು ಇಂಗ್ಲಿಷ್ ಶಾಲೆಯ ಛಾಯೆ. ಬರಹದಲ್ಲಿ ‘ಹ’ಕಾರದ ಅಕ್ಷರ (h) ಕಂಡರೂ ಅದಕ್ಕೆ ಧ್ವನಿ ಇಲ್ಲ, ಆದ್ದರಿಂದಲೇ ಗಂಟೆ ‘ಓರಾ’ ಆಗುತ್ತದೆ, ‘ಹೋರಾ’ ಅಲ್ಲ. ‘ದ್ಯೆಸ್’, ‘ಆಸೆ’, ‘ಈಸೊ’ ಲ್ಯಾಟಿನ್ ಅಮೆರಿಕದ ಉಚ್ಚಾರ. ಸ್ಪೇನಿನ ಹೆಚ್ಚಿನ ಕಡೆ ಈ ಸಕಾರ, ನಾಲಿಗೆ ಹಲ್ಲುಗಳ ನಡುವೆ ಬಂದು, ‘ದ್ಯೆಥ್’ ಎಂಬಂತೆ ಕೇಳುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಬೆರೆಸಬೇಡಿ.

ಗಂಟೆ ಹೇಳುವಾಗ ‘ಎಂಟು ಗಂಟೆ’ಗೂ ‘ಎಂಟು ಗಂಟೆಗೆ’ಗೂ ಇರುವ ವ್ಯತ್ಯಾಸ ಅಲ್ಲೂ ಇದೆ. ಈಗ ಎಂಟು ಗಂಟೆ: ‘ಸೋನ್ ಲಾಸ್ ಓಚೊ’. ಎಂಟು ಗಂಟೆಗೆ: ‘ಆ ಲಾಸ್ ಓಚೊ’. ಮುಂದಿನ ‘ಆ’ ನಮ್ಮ ‘-ಗೆ’ ಪ್ರತ್ಯಯದ ಕೆಲಸ ಮಾಡುತ್ತದೆ. ಒಂದು ಗಂಟೆ ಮಾತ್ರ ಏಕವಚನ: ‘ಎಸ್ ಲಾ ಊನಾ’. ಎಂಟಕ್ಕೆ ಸರಿಯಾಗಿ ಎನ್ನಲು ಕೊನೆಗೆ ‘ಎನ್ ಪುಂತೊ’ ಸೇರಿಸಿ. ಎಂಟರ ಹೊತ್ತಿಗೆ, ಹೆಚ್ಚುಕಡಿಮೆ ಎನ್ನಲು ‘ಆ ಏಸೊ ದೆ ಲಾಸ್ ಓಚೊ’. ಯಾರಾದರೂ ‘ಆ ಏಸೊ ದೆ’ ಅಂದರೆ ಗಡಿಯಾರ ಹಿಡಿದು ನಿಲ್ಲಬೇಡಿ.

ಎಂಟೂಕಾಲು ‘ಓಚೊ ಇ ಕ್ವಾರ್ತೊ’, ಎಂಟೂವರೆ ‘ಓಚೊ ಇ ಮೇದ್ಯಾ’. ಇಲ್ಲಿಯವರೆಗೆ ಕನ್ನಡದ ದಾರಿಯೇ. ಎಡವುವುದು ಮುಕ್ಕಾಲಿನಲ್ಲಿ. ಏಳೂಮುಕ್ಕಾಲನ್ನು ನಾವು ಏಳರಿಂದ ಎಣಿಸುತ್ತೇವೆ, ಅವರು ಎಂಟರಿಂದ ಕಳೆಯುತ್ತಾರೆ: ಸ್ಪೇನಿನಲ್ಲಿ ‘ಓಚೊ ಮೇನೊಸ್ ಕ್ವಾರ್ತೊ’, ಮೆಕ್ಸಿಕೊ ಮುಂತಾದ ಕಡೆ ‘ಕ್ವಾರ್ತೊ ಪಾರಾ ಲಾಸ್ ಓಚೊ’. ಅವಸರದಲ್ಲಿ ಬರೀ ‘ಓಚೊ’ ಎಂಬುದಷ್ಟೇ ಕಿವಿಗೆ ಬಿದ್ದು ಕಾಲು ಗಂಟೆ ತಡವಾಗಿ ಹೋಗುವವರು ಹೆಚ್ಚು. ಹೇಳುವಾಗ ತಡವರಿಸಿದರೆ ‘ಸ್ಯೇತೆ ಕ್ವಾರೆಂತಾ ಇ ಸಿಂಕೊ’, ಅಂದರೆ ಏಳು ನಲವತ್ತೈದು ಎನ್ನಿ, ಎಲ್ಲೆಡೆ ಅರ್ಥವಾಗುತ್ತದೆ.

‘ತಾರ್ದೆ’ಗೆ ತಡ ಎಂಬಂತೆ ಮಧ್ಯಾಹ್ನ-ಸಂಜೆಯ ಹೊತ್ತು ಎಂಬ ಅರ್ಥವೂ ಉಂಟು, ‘ಲಾ’ ಸೇರಿದರೆ ಹೊತ್ತು, ‘ಯೆಗಾರ್’ ಜೊತೆ ಒಂಟಿಯಾಗಿ ಬಂದರೆ ತಡ. ಸಂಜೆ ಐದಕ್ಕೆ: ‘ಆ ಲಾಸ್ ಸಿಂಕೊ ದೆ ಲಾ ತಾರ್ದೆ’. ‘ಮಾನ್ಯಾನಾ’ ಕೂಡ ಹೀಗೇ, ನಾಳೆಯೂ ಹೌದು, ಬೆಳಿಗ್ಗೆಯೂ ಹೌದು. ನಾಳೆ ಬೆಳಿಗ್ಗೆ ಎಂದರೆ ‘ಮಾನ್ಯಾನಾ ಪೋರ್ ಲಾ ಮಾನ್ಯಾನಾ’.

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವ ಜಾಗ. ಯಾರೋ ಕರೆದರೆ ನಾವು ಕೂತಲ್ಲಿಂದಲೇ ‘ಬಂದೆ!’ ಅನ್ನುತ್ತೇವೆ. ಸ್ಪ್ಯಾನಿಷಿನಲ್ಲಿ ಇದು ‘ಯಾ ಬೊಯ್’, ಅಕ್ಷರಶಃ ‘ಈಗ ಹೋಗ್ತೀನಿ’. ಮಾತಾಡುವವನು ನಿಂತ ಜಾಗದಿಂದ ಆಚೆ ಹೋಗುವುದೆಲ್ಲ ಅವರಿಗೆ ‘ಹೋಗು’. ಕನ್ನಡದ ‘ಬರ್ತೀನಿ’ಯನ್ನು ಹಾಗೇ ‘ಯಾ ಬೆಂಗೊ’ ಮಾಡಿದರೆ ಅರ್ಥ ತಿರುಗಿ ‘ಹೋಗಿ ಬರ್ತೀನಿ, ಇಲ್ಲೇ ಇರಿ’ ಎಂದಾಗುತ್ತದೆ. ಕಾಯುತ್ತಿರುವವರಿಗೆ ಫೋನಿನಲ್ಲಿ ಹೀಗಂದರೆ ಅವರು ತಬ್ಬಿಬ್ಬಾಗುತ್ತಾರೆ. ಮೆಕ್ಸಿಕೊದ ‘ಆಓರಿತಾ’ ನಮ್ಮ ‘ಇನ್ನೇನು ಬಂದೆ’ ಇದ್ದಂತೆ: ಎರಡು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಪೋರ್ಟೊ ರಿಕೊದಲ್ಲಿ ಅದಕ್ಕೆ ‘ಆಮೇಲೆ’ ಎಂಬ ಅರ್ಥವೇ ಬಳಕೆಯಲ್ಲಿದೆ. ಕೆಲಸದ ಗಡುವಿಗೆ ಈ ಪದ ನಂಬಬೇಡಿ, ‘ಆ ಕೆ ಓರಾ?’ ಎಂದು ಗಂಟೆ ಕೇಳಿ.

ಕ್ಷಮೆ ಕೇಳುವಾಗ ನೀನು-ನೀವು ಮರೆಯಬಾರದು. ಗೆಳೆಯರಿಗೆ ‘ಪೆರ್ದೋನಾ ಪೋರ್ ಯೆಗಾರ್ ತಾರ್ದೆ’, ಹಿರಿಯರಿಗೆ, ಅಪರಿಚಿತರಿಗೆ ‘ಪೆರ್ದೋನೆ’. ಕೊನೆಯ ಒಂದು ಸ್ವರದಲ್ಲಿ ಮರ್ಯಾದೆ ನಿಂತಿದೆ. ಗೊತ್ತಾಗದಿದ್ದರೆ ‘ಪೆರ್ದೋನ್’ ಸಾಕು.

ಯಾವಾಗ ಸರಿಯಾದ ಹೊತ್ತಿಗೆ ಹೋಗಬೇಕು? ಕಚೇರಿ, ಡಾಕ್ಟರು, ತರಗತಿ, ಬಸ್ಸು: ಎಲ್ಲೇ ಆದರೂ ಗಂಟೆಗೆ ಸರಿಯಾಗಿ. ಮನೆಯ ಪಾರ್ಟಿಗೆ ಮೆಕ್ಸಿಕೊ, ಪೆರು ಕಡೆ ಹೇಳಿದ ಗಂಟೆಗೇ ಬಾಗಿಲು ತಟ್ಟಿದರೆ ಮನೆಯವರು ಇನ್ನೂ ಸಿದ್ಧರಾಗುತ್ತಿರಬಹುದು. ಅರ್ಧ ಗಂಟೆ ತಡವಾದರೂ ತಪ್ಪಲ್ಲ. ತಡವಾಗಿ ಬರುವುದಕ್ಕೆ ಪೆರುವಿನಲ್ಲಿ ‘ಓರಾ ಪೆರುವಾನಾ’ ಎಂಬ ಹೆಸರೇ ಇದೆ, 2007ರಲ್ಲಿ ಅಲ್ಲಿನ ಸರ್ಕಾರ ಇದನ್ನು ಬಿಡಿಸಲೆಂದೇ ‘ಲಾ ಓರಾ ಸಿನ್ ದೆಮೋರಾ’, ಅಂದರೆ ತಡವಿಲ್ಲದ ಗಂಟೆ, ಎಂಬ ಅಭಿಯಾನ ನಡೆಸಿತು. ಸಮಯಕ್ಕೆ ಸರಿಯಾಗಿ ಬನ್ನಿ ಎಂದು ಒತ್ತಿ ಹೇಳಲು ಹಲವರು ‘ಓರಾ ಇಂಗ್ಲೇಸಾ’, ಇಂಗ್ಲಿಷರ ಗಂಟೆ, ಎನ್ನುತ್ತಾರೆ.

ಬೆಂಗಳೂರಿನಿಂದ ಕರೆ ಹೊಂದಿಸುವವರು ಗಂಟೆಯ ಜೊತೆ ಊರನ್ನೂ ಹೇಳಬೇಕು: ‘ಆ ಲಾಸ್ ಓಚೊ, ಓರಾ ದೆ ಮೇಹಿಕೊ’. ಮೆಕ್ಸಿಕೊ ನಗರ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದನ್ನು 2022ರಲ್ಲಿ ಬಿಟ್ಟಿದ್ದರಿಂದ ವರ್ಷಪೂರ್ತಿ ನಮಗಿಂತ 11 ಗಂಟೆ 30 ನಿಮಿಷ ಹಿಂದೆ. ಅಲ್ಲಿನ ಬೆಳಿಗ್ಗೆ 8 ನಮ್ಮ ಸಂಜೆ 7:30. ಮ್ಯಾಡ್ರಿಡ್ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ. ಸ್ಪೇನಿನವೇ ಆದ ಕ್ಯಾನರಿ ದ್ವೀಪಗಳು ಮ್ಯಾಡ್ರಿಡ್‌ಗಿಂತ ಇನ್ನೂ ಒಂದು ಗಂಟೆ ಹಿಂದೆ: ‘ಊನಾ ಓರಾ ಮೇನೊಸ್ ಎನ್ ಕನಾರ್ಯಾಸ್’.

ಮೊದಲ ವಾರಕ್ಕೆ ಒಂದೇ ಸಂದೇಶ ಬಾಯಿಪಾಠ ಮಾಡಿ, ದಿನಾ ನಿಮಿಷದ ಸಂಖ್ಯೆ ಮಾತ್ರ ಬದಲಿಸಿ ಜೋರಾಗಿ ಹೇಳಿ: ‘ಪೆರ್ದೋನಾ, ಸೆ ಮೆ ಈಸೊ ತಾರ್ದೆ. ಯಾ ಬೊಯ್. ಯೇಗೊ ಎನ್ ದ್ಯೆಸ್ ಮಿನೂತೊಸ್.’