ಹಾಲಿನ ಡೈರಿಗೆ ಕಂಪ್ಯೂಟರ್ ಪರದೆ ರೂಪಿಸಿದ ಬಗೆ

ಬೆಳಗಿನ ಹೊತ್ತು ಹಳ್ಳಿಯ ಡೈರಿಯಲ್ಲಿ ಪರದೆಯನ್ನು ಓದುತ್ತ ಕೂರುವಷ್ಟು ಬಿಡುವು ಯಾರಿಗೂ ಇರುವುದಿಲ್ಲ. ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ನಿಂತಿರುತ್ತದೆ. ಲಾರಿ ಬರುವುದರೊಳಗೆ ಎಲ್ಲರ ಹಾಲೂ ಅಳತೆಯಾಗಬೇಕು. ಅಂಥ ಒಂದು ಹಾಲು ಉತ್ಪಾದಕರ ಸಂಘದ ತಂತ್ರಾಂಶಕ್ಕೆ ಹೊಸ ಪರದೆ ಬೇಕೆಂದಾಗ, ನಾನು ಮೊದಲು ಕಾರ್ಯದರ್ಶಿಯ ಪಕ್ಕದಲ್ಲಿ ಕೂತು ಅವರ ಕೈಗಳನ್ನು ಗಮನಿಸಿದೆ.

ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ), ಚೀಟಿ: ಕೆಲಸ ಸಾಗುವುದು ಈ ಕ್ರಮದಲ್ಲಿ. ಹಳೆಯ ತಂತ್ರಾಂಶದಲ್ಲಿ ಇವು ಬೇರೆ ಬೇರೆ ಪುಟಗಳಲ್ಲಿ ಹಂಚಿಹೋಗಿದ್ದವು. ಯಾವುದು ಎಲ್ಲಿದೆ ಎಂಬುದನ್ನು ಕಾರ್ಯದರ್ಶಿಯೇ ನೆನಪಿಡಬೇಕಿತ್ತು. ತಂತ್ರಾಂಶಗಳ ಬಳಕೆ ಸುಲಭವಾಗಿಸುವ ಬಗೆಯ ತಜ್ಞ ಯಾಕೋಬ್ ನೀಲ್ಸನ್ ಪರದೆ ರೂಪಿಸುವವರಿಗಾಗಿ 1994ರಲ್ಲಿ ಪಟ್ಟಿ ಮಾಡಿದ ಹತ್ತು ಸೂತ್ರಗಳಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ: ಬಳಸುವವರ ಮೇಲೆ ನೆನಪಿನ ಹೊರೆ ಬೇಡ, ಬೇಕಾದದ್ದು ಕಣ್ಣೆದುರಿಗೇ ಇರಲಿ. ಎಲ್ಲವನ್ನೂ ಒಂದೇ ಪರದೆಗೆ ತಂದು, ರಿಜಿಸ್ಟರಿನ ಕಾಲಂಗಳಿದ್ದ ಕ್ರಮದಲ್ಲೇ ಜೋಡಿಸಿದೆ. ಎಂಟರ್ ಒತ್ತುತ್ತ ಹೋದರೆ ಸಾಕು. ಕೈ ಹಾಲಿನಿಂದ ಒದ್ದೆಯಾಗಿರುವಾಗ ಮೌಸ್ ಮುಟ್ಟುವಂತಾಗಬಾರದು.

ಹೆಚ್ಚು ತಲೆ ಕೆಡಿಸಿಕೊಂಡದ್ದು ಫ್ಯಾಟ್ ಅಂಕಿಗೆ. ಅವಸರದಲ್ಲಿ ಚುಕ್ಕಿ ಬಿಟ್ಟುಹೋಗಿ 4.1 ಎಂಬುದು 41 ಆಗುತ್ತದೆ. ಆಗ 'ಅಮಾನ್ಯ ನಮೂದು' ಎಂದು ಕೆಂಪಕ್ಷರದಲ್ಲಿ ಗದರಿಸಿದರೆ ಏನು ಪ್ರಯೋಜನ? ಹಸುವಿನ ಹಾಲಿನಲ್ಲಿ ಶೇ. 41 ಕೊಬ್ಬು ಇರಲು ಸಾಧ್ಯವೇ ಇಲ್ಲವಲ್ಲ! ಎರಡು ಅಂಕಿ ಒತ್ತಿದೊಡನೆ ನಡುವೆ ಚುಕ್ಕಿ ತಾನಾಗಿ ಬೀಳುವಂತೆ ಮಾಡಿದೆ.

ಸದಸ್ಯರ ಸಂಖ್ಯೆ ಒತ್ತಿದಾಗ ಹೆಸರು ದಪ್ಪ ಅಕ್ಷರದಲ್ಲಿ ಮೂಡುತ್ತದೆ. 37ರ ಬದಲು 73 ಒತ್ತಿದ್ದರೆ, ಎದುರಿಗೆ ನಿಂತವರು ಬೇರೆ, ಪರದೆಯ ಹೆಸರು ಬೇರೆ ಎಂಬುದು ಕೂಡಲೇ ಕಾಣುತ್ತದೆ. ಹೆಸರು ಮೂಡುವ ಜಾಗದ ಎತ್ತರವನ್ನೂ ಹೆಚ್ಚಿಸಿದೆ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಜಾಗದಲ್ಲಿ 'ಲಕ್ಷ್ಮಮ್ಮ' ಎಂದು ಬಂದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ.

'ಖಚಿತವೇ?' ಎಂದು ಪ್ರತಿ ಸಲ ಕೇಳುವ ಪೆಟ್ಟಿಗೆಯನ್ನು ಕಿತ್ತುಹಾಕಿದೆ. ಅದನ್ನು ಯಾರೂ ಓದುವುದಿಲ್ಲ, ಓದುವ ಮೊದಲೇ ಬೆರಳು 'ಹೌದು' ಒತ್ತಿರುತ್ತದೆ. ಬದಲಿಗೆ 'ಹಿಂದಿನದನ್ನು ತಿದ್ದಿ' ಎಂಬ ಗುಂಡಿ ಸದಾ ಕಾಣುವಂತಿಟ್ಟೆ. ತಿದ್ದಿದರೂ ಹಳೆಯ ಅಂಕಿ ದಾಖಲೆಯಲ್ಲಿ ಉಳಿಯುತ್ತದೆ, ಏಕೆಂದರೆ ಬಟವಾಡೆಯ ದಿನ ಅದು ಒಂದು ಮನೆಯ ದುಡ್ಡು.

ರೈತರ ಕಡೆಗೆ ಮುಖ ಮಾಡಿದ ಚಿಕ್ಕ ಪರದೆಯೂ ಇರಲೇಬೇಕೆಂದು ಹಟ ಹಿಡಿದೆ. ಲೀಟರ್, ಫ್ಯಾಟ್, ಮೊತ್ತ, ಇಷ್ಟೇ, ದೊಡ್ಡ ಅಂಕಿಗಳಲ್ಲಿ. "ನಿನ್ನೆ ಎಷ್ಟಿತ್ತಪ್ಪ?" ಎಂದು ಒಬ್ಬ ಅಜ್ಜಿ ದಿನವೂ ಕೇಳುತ್ತಿದ್ದುದರಿಂದ, ಇವತ್ತಿನ ಫ್ಯಾಟ್ ಕೆಳಗೆ ನಿನ್ನೆಯದನ್ನೂ ಸೇರಿಸಿದೆ.