ಸ್ಟೆಂಟ್ ಹಾಕಿಸಿಕೊಂಡು ಕೊಡಗಿಗೆ ವಾಪಸ್ ಬಂದ ಮೇಲೆ ಏನೇನು ನೋಡಿಕೊಳ್ಳಬೇಕು

ಮೈಸೂರಿನಲ್ಲಿ ಆಂಜಿಯೋಪ್ಲಾಸ್ಟಿ (ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ಟ್ಯೂಬ್ ತೂರಿಸಿ ಬಿಡಿಸಿ, ಮತ್ತೆ ಮುಚ್ಚದಂತೆ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಇಡುವುದು) ಆದವರನ್ನು ಎಷ್ಟೋ ಸಲ ಒಂದೆರಡು ದಿನದಲ್ಲೇ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಮಡಿಕೇರಿಗೇ ಸುಮಾರು 120 ಕಿಲೋಮೀಟರ್, ತೋಟದ ಮನೆ ಇನ್ನೂ ಒಳಗೆ. ದೊಡ್ಡ ತೊಂದರೆ ಆಗುವುದು ಕಡಿಮೆ. ಆದರೂ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ತಕ್ಷಣ ಹೊರಡಬೇಕು ಅನ್ನೋದು ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಮೊದಲು ಟ್ಯೂಬ್ ಹಾಕಿದ ಜಾಗ ನೋಡಿ, ಮಣಿಕಟ್ಟು ಅಥವಾ ತೊಡೆಸಂದು. ಸ್ವಲ್ಪ ನೀಲಿಗಟ್ಟಿದ್ದರೆ ಗಾಬರಿ ಬೇಡ. ರಕ್ತ ಬಂದರೆ ಮಲಗಿಸಿ, ಬಟ್ಟೆ ಇಟ್ಟು 10 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುವೆ ಕೈ ತೆಗೆದು ನೋಡಬೇಡಿ. ಚಿಮ್ಮುತ್ತಿದ್ದರೆ ಅಥವಾ ನಿಲ್ಲದಿದ್ದರೆ ಒತ್ತಿಕೊಂಡೇ 108ಕ್ಕೆ ಫೋನ್ ಮಾಡಿ. ಊತ ದೊಡ್ಡದಾಗುತ್ತಿದ್ದರೆ, ಕೈ ಅಥವಾ ಕಾಲು ತಣ್ಣಗಾಗಿ ಜೋಮು ಹಿಡಿದರೆ ಆಸ್ಪತ್ರೆಗೆ ಹೊರಡಿ. ತೊಡೆಯಿಂದ ಮಾಡಿದವರಿಗೆ ಹೊರಗೆ ಏನೂ ಕಾಣದೆ ಒಳಗೇ ರಕ್ತ ಸೋರಬಹುದು. ಪಕ್ಕೆ ಅಥವಾ ಸೊಂಟ ನೋಯುತ್ತೆ, ತಲೆ ಸುತ್ತುತ್ತೆ, ಮೈ ಬೆವರುತ್ತೆ. ಘಾಟಿ ರಸ್ತೆಯಲ್ಲಿ ಕೂತು ಬಂದ ಸುಸ್ತು ಅಂದುಕೊಂಡು ಸುಮ್ನೆ ಮಲಗಿಸಬೇಡಿ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ರಕ್ತನಾಳ ಕಾಣಲಿ ಅಂತ ಆಗ ಕೊಟ್ಟ ಡೈ ಇಂದ ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಅಂಶ) ಏರಬಹುದು. ರಕ್ತ ಪರೀಕ್ಷೆ ಯಾವಾಗ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಮತ್ತೆ ಯಾವಾಗ ಶುರು ಅಂತ ಡಿಸ್ಚಾರ್ಜ್ ಆಗುವಾಗಲೇ ಕೇಳಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಮಾತ್ರೆ ತಪ್ಪಿಸುವವರದ್ದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳು ಇವು: ಆಸ್ಪಿರಿನ್, ಅದರ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್. ಇವನ್ನು ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು, ಮೊದಲ ತಿಂಗಳಲ್ಲಂತೂ ಅಪಾಯ ಹೆಚ್ಚು. ಸಾಮಾನ್ಯವಾಗಿ ಎರಡನ್ನೂ 6ರಿಂದ 12 ತಿಂಗಳು ಬರೆಯುತ್ತಾರೆ, ನಿಮ್ಮ ಅವಧಿ ಡಾಕ್ಟರೇ ಹೇಳಬೇಕು. ಹಲ್ಲು ಕೀಳಿಸಬೇಕು ಅಂತ ಯಾರೋ ನಿಲ್ಲಿಸಿ ಅಂದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಟಿಕಾಗ್ರೆಲರ್‌ನಿಂದ ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತೆ, ಆಗಲೂ ಕೇಳಿಯೇ ಬದಲಿಸಿ. ಮಂಡಿ ನೋವಿಗೆ ಮೆಡಿಕಲ್‌ನಲ್ಲಿ ಡೈಕ್ಲೋಫೆನಾಕ್ ತಂದು ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಮಲ ಕಪ್ಪಗೆ ಟಾರಿನ ಹಾಗೆ ಬಂದರೆ ತಡ ಮಾಡದೆ ತೋರಿಸಿ. ಜೂನ್‌ನಿಂದ ಮಳೆ ಹಿಡಿದರೆ ಮರ ಬಿದ್ದು ರಸ್ತೆ ಕಟ್ಟುತ್ತೆ ಅಲ್ವಾ, ಅದಕ್ಕೆ ಒಂದು ತಿಂಗಳ ಮಾತ್ರೆ ಮೊದಲೇ ತಂದಿಡಿ.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು ಬಂದರೆ ಸ್ಟೆಂಟ್ ಹಾಕಿಸಿಕೊಂಡವರೇ ಜೀಪು ಓಡಿಸೋದು ಬೇಡ. ನೇರ ಮೈಸೂರಿಗೂ ಹೊರಡಬೇಡಿ, ಮೊದಲು ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮನೆಯವರೆಲ್ಲರ ಫೋನ್‌ನಲ್ಲಿರಲಿ, ನೆಟ್‌ವರ್ಕ್ ಹೋಗುವ ಕಡೆ ಇದ್ದರೆ ಒಂದು ಜೆರಾಕ್ಸ್ ಕೂಡ ತೆಗೆದಿಡಿ.